ಹೊಟ್ಟೆಯ ಸರ್ಜನ್‌ಗೆ ಯಾವ ಸಂಶೋಧನೆ ಹೊಂದುತ್ತದೆ? ರೆಕಾರ್ಡ್, ಟ್ರಯಲ್, ಲ್ಯಾಬ್, ಹೊಸ ಆಪರೇಷನ್: ಆರಿಸುವ ಮುನ್ನ

ಗ್ಯಾಸ್ಟ್ರೋ ಸರ್ಜರಿ ತರಬೇತಿ ಮುಗಿಸಿ ಬೋಧನಾ ಆಸ್ಪತ್ರೆಯಲ್ಲೇ ಉಳಿಯಬೇಕು ಅಂದುಕೊಂಡ ಕಿರಿಯರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಸಂಶೋಧನೆ ಮಾಡಬೇಕು ಅಂತ ಮನಸ್ಸಿದೆ, ಆದರೆ ಯಾವುದನ್ನು ಹಿಡಿಯಲಿ?’ ಒಬ್ಬ ಗೈಡ್ ಲ್ಯಾಬಿಗೆ ಬಾ ಅನ್ನುತ್ತಾರೆ. ಇನ್ನೊಬ್ಬರು ಟ್ರಯಲ್ (ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಗುಂಪು ಮಾಡಿ ಚಿಕಿತ್ಸೆಗಳನ್ನು ಹೋಲಿಸುವ ಅಧ್ಯಯನ) ಬಿಟ್ಟರೆ ಮಿಕ್ಕಿದ್ದೆಲ್ಲ ಲೆಕ್ಕಕ್ಕಿಲ್ಲ ಅನ್ನುತ್ತಾರೆ. ಪಕ್ಕದ ರೂಮಿನ ಗೆಳೆಯ ಹಳೆಯ ಕೇಸ್ ಶೀಟ್ ತೆಗೆದು ವರ್ಷಕ್ಕೆ ನಾಲ್ಕು ಪೇಪರ್ ಬರೆಯುತ್ತಿರುತ್ತಾನೆ. ಇದೆಲ್ಲ ನೋಡಿ ಗೊಂದಲ ಆಗದೆ ಇರುತ್ತದಾ?

ಯಾವುದು ದೊಡ್ಡದು, ಯಾವುದು ಸಣ್ಣದು ಅಂತ ನಾನು ಹೇಳಲು ಹೊರಟಿಲ್ಲ. ಒಂದೊಂದು ದಾರಿಯೂ ನಿಮ್ಮಿಂದ ಬೇರೆ ಬೇರೆ ಬೆಲೆ ಕೇಳುತ್ತದೆ. ಆ ಬೆಲೆ ಯಾವುದು ಅಂತ ಮೊದಲೇ ಗೊತ್ತಿದ್ದರೆ ಆರಿಸುವುದು ಸುಲಭ.

ಮೊದಲು ಅಳತೆಗೋಲು

ನಾನು ಮೊದಲು ನೋಡುವುದು ಸಮಯವನ್ನು. ಟೈಮ್‌ಟೇಬಲ್‌ನಲ್ಲಿ ‘ರಿಸರ್ಚ್’ ಅಂತ ಬರೆದ ಮಧ್ಯಾಹ್ನ ಸಮಯವಲ್ಲ. ತುರ್ತು ಕೇಸ್ ಬಂದರೂ ಯಾರೂ ನಿಮಗೆ ಫೋನ್ ಮಾಡದ ಮಧ್ಯಾಹ್ನ ಇದೆಯಲ್ಲ, ಅದು ಸಮಯ. ವಾರದಲ್ಲಿ ಅಂಥವು ಎಷ್ಟಿವೆ ಅಂತ ಪ್ರಾಮಾಣಿಕವಾಗಿ ಎಣಿಸಿ. ಹೆಚ್ಚಿನವರಿಗೆ ಒಂದೂ ಇರುವುದಿಲ್ಲ. ಅದು ತಪ್ಪಲ್ಲ, ಆದರೆ ಅದನ್ನು ತಿಳಿದುಕೊಂಡೇ ದಾರಿ ಆರಿಸಬೇಕು.

ಎರಡನೆಯದು ಕಾಯುವಿಕೆ. ಪ್ರಶ್ನೆ ಕೇಳಿದ ದಿನದಿಂದ ಉತ್ತರ ಕೈಗೆ ಬರುವವರೆಗೆ ಎಷ್ಟು ವರ್ಷ? ನಿಮ್ಮ ಕೆಲಸ ಕಾಯಂ ಆಗುವುದು, ಬಡ್ತಿ ಸಿಗುವುದು ಅದಕ್ಕಿಂತ ಮುಂಚೆಯೋ ಆಮೇಲೋ?

ಮೂರನೆಯದು ಜನ. ಒಬ್ಬರೇ ಮಾಡಬಹುದಾದ ಕೆಲಸವಾ, ಹತ್ತು ಆಸ್ಪತ್ರೆ ಒಪ್ಪಬೇಕಾದ ಕೆಲಸವಾ? ಆಮೇಲೆ ದುಡ್ಡು. ಕೊನೆಗೆ, ಯಾರೂ ಜಾಸ್ತಿ ಮಾತಾಡದ ಒಂದು ವಿಷಯ: ನೀವು ಅಂದುಕೊಂಡದ್ದು ಸುಳ್ಳಾದರೆ ಕೈಯಲ್ಲಿ ಏನು ಉಳಿಯುತ್ತದೆ?

ಇವೆಲ್ಲಕ್ಕಿಂತ ಮೇಲೆ ಇನ್ನೊಂದಿದೆ. ಆ ಪ್ರಶ್ನೆ ನಿಮ್ಮ ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ), ನಿಮ್ಮ ವಾರ್ಡಿನಲ್ಲಿ ಹುಟ್ಟಿದ್ದಾ? ಸರ್ಜನ್ ಆಗಿ ನಿಮಗೆ ಸಿಕ್ಕಿರುವ ಹೆಚ್ಚುಗಾರಿಕೆ ಅದೊಂದೇ. ಅಂಕಿಅಂಶದಲ್ಲಿ ನಿಮಗಿಂತ ಜಾಣರಿದ್ದಾರೆ, ಜೀವಕೋಶದ ಬಗ್ಗೆ ನಿಮಗಿಂತ ತಿಳಿದವರಿದ್ದಾರೆ. ಆದರೆ ಆಪರೇಷನ್ ಆದ ಮೂರನೇ ದಿನ ಬೆಳಿಗ್ಗೆ ರೌಂಡ್ಸ್‌ನಲ್ಲಿ ಡ್ರೈನ್ (ಹೊಟ್ಟೆಯೊಳಗಿನ ದ್ರವ ಹೊರತರುವ ಕೊಳವೆ) ಬಾಟಲಿ ಎತ್ತಿ ಬೆಳಕಿಗೆ ಹಿಡಿದು, ಬಣ್ಣ ಕೆಟ್ಟಿದೆ ಅಂತ ಎದೆ ಧಸಕ್ಕೆಂದ ಅನುಭವ ನಿಮಗೇ ಇರುವುದು.

ಸ್ವಂತ ರೋಗಿಗಳ ರೆಕಾರ್ಡ್, ರಿಜಿಸ್ಟ್ರಿ

ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ: ತಾವು ನೋಡಿದ ರೋಗಿಗಳ ದಾಖಲೆ, ಇಲ್ಲವೇ ಅಂಥ ದಾಖಲೆಗಳನ್ನು ಒಂದೇ ಕ್ರಮದಲ್ಲಿ ಕೂಡಿಸಿದ ರಿಜಿಸ್ಟ್ರಿ. ದುಡ್ಡು ಹೆಚ್ಚು ಬೇಡ. ಎಥಿಕ್ಸ್ ಕಮಿಟಿಯ (ಸಂಶೋಧನೆಯಲ್ಲಿ ರೋಗಿಗಳ ಹಿತ ಕಾಯುವ ಸಮಿತಿ) ಅನುಮತಿ, ಒಂದು ಕಂಪ್ಯೂಟರ್, ಲೆಕ್ಕ ತಿಳಿದ ಒಬ್ಬ ಸ್ಟ್ಯಾಟಿಸ್ಟಿಷಿಯನ್, ತಾಳ್ಮೆ. ಒಂದು ವರ್ಷದೊಳಗೆ ಏನೋ ಒಂದು ಕೈಗೆ ಬರುತ್ತದೆ. ರಾತ್ರಿ ಡ್ಯೂಟಿಯ ನಡುವೆಯೂ ಮಾಡಬಹುದು.

ಇದನ್ನು ಹಗುರವಾಗಿ ನೋಡುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. 2002ರಲ್ಲಿ ಜಾನ್ ಬರ್ಕ್‌ಮೇಯರ್ ಮತ್ತು ಸಂಗಡಿಗರು ಅಮೆರಿಕದ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ದಾಖಲೆ ಇಟ್ಟುಕೊಂಡು, ಆಸ್ಪತ್ರೆಯಲ್ಲಿ ಎಷ್ಟು ಆಪರೇಷನ್ ಆಗುತ್ತದೆ ಅನ್ನುವುದಕ್ಕೂ ಸಾವಿಗೂ ಏನು ಸಂಬಂಧ ಅಂತ ನೋಡಿದರು. ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ತೆಗೆಯುವ ಆಪರೇಷನ್‌ನಲ್ಲಿ, ತೀರಾ ಅಪರೂಪಕ್ಕೆ ಮಾಡುವ ಆಸ್ಪತ್ರೆಗಳಲ್ಲಿ ಸಾವು ಶೇ. 16.3, ಅತಿ ಹೆಚ್ಚು ಮಾಡುವ ಕಡೆ ಶೇ. 3.8. ದೊಡ್ಡ ಆಪರೇಷನ್‌ಗಳನ್ನು ಎಲ್ಲಿ ಮಾಡಬೇಕು ಅನ್ನುವ ಚರ್ಚೆಗೆ ಇದು ದೊಡ್ಡ ಬಲ ಕೊಟ್ಟಿತು. ಇನ್ನೊಂದು, 2004ರ ಕ್ಲಾವಿಯನ್–ಡಿಂಡೊ ವರ್ಗೀಕರಣ. 6336 ರೋಗಿಗಳ ಮಾಹಿತಿಯ ಮೇಲೆ ಪರೀಕ್ಷಿಸಿ, ಆಪರೇಷನ್ ನಂತರದ ತೊಡಕನ್ನು ಅದಕ್ಕೆ ಬೇಕಾದ ಚಿಕಿತ್ಸೆಯ ಮೇಲೆ ದರ್ಜೆ ಮಾಡಿದರು. ಇಂದು ನಾವೆಲ್ಲ ‘ಗ್ರೇಡ್ ಮೂರು’ ಅಂದರೆ ಏನು ಅಂತ ಒಬ್ಬರಿಗೊಬ್ಬರಿಗೆ ಅರ್ಥವಾಗುವುದು ಆ ಕೆಲಸದಿಂದ. ಹೊಸ ಔಷಧ ಇಲ್ಲ, ಹೊಸ ಯಂತ್ರ ಇಲ್ಲ. ಒಂದು ಸಮಾನ ಭಾಷೆ ಕೊಟ್ಟರು.

ಭಾಷೆಯ ಮಹತ್ವ ನಾನು ಕಷ್ಟಪಟ್ಟು ಕಲಿತೆ. ನನ್ನ ಮೊದಲ ಅಧ್ಯಯನ ಪ್ಯಾಂಕ್ರಿಯಾಸ್ ಲೀಕ್ ಬಗ್ಗೆ, ಅಂದರೆ ಆಪರೇಷನ್ ಆದ ಜಾಗದಿಂದ ಅದರ ರಸ ಸೋರುವುದರ ಬಗ್ಗೆ. ಕೆಲವು ವರ್ಷದ ಕೇಸ್ ಶೀಟ್ ಕೂತು ಓದಿದೆ. ‘ಲೀಕ್’ ಅನ್ನುವ ಕಾಲಂ ತುಂಬುತ್ತಾ ಹೋದಾಗ ಗೊತ್ತಾಯಿತು, ಬರೆದ ಮೂವರು ರೆಸಿಡೆಂಟ್‌ಗಳಿಗೆ (ತರಬೇತಿಯಲ್ಲಿರುವ ವೈದ್ಯರಿಗೆ) ಮೂರು ಅರ್ಥ. ಒಬ್ಬರಿಗೆ ಡ್ರೈನ್ ನೀರಿನಲ್ಲಿ ಅಮೈಲೇಸ್ (ಪ್ಯಾಂಕ್ರಿಯಾಸ್ ರಸದಲ್ಲಿರುವ ಕಿಣ್ವ) ಜಾಸ್ತಿಯಾದರೆ ಲೀಕ್. ಇನ್ನೊಬ್ಬರಿಗೆ ಜ್ವರ ಬಂದರೆ ಮಾತ್ರ. ಮತ್ತೊಬ್ಬರು ಮತ್ತೆ ಹೊಟ್ಟೆ ತೆರೆಯದಿದ್ದರೆ ಬರೆಯುತ್ತಲೇ ಇರಲಿಲ್ಲ. ಪಕ್ಕದ ಕಾಲಂ ರಕ್ತಸ್ರಾವದ್ದು, ಮಿಲಿಲೀಟರ್‌ನಲ್ಲಿ: 200, 300, 500. ಎಲ್ಲೂ ಒಂದು 265 ಇಲ್ಲ. ಯಾರೂ ಅಳೆದಿರಲಿಲ್ಲ, ಅಂದಾಜು ಮಾಡಿದ್ದರು. ಆ ಅಧ್ಯಯನವನ್ನು ಕೈಬಿಡಬೇಕಾಯಿತು. ಇದೇ ಸಮಸ್ಯೆಗೆ 2005ರಲ್ಲಿ ಅಂತರರಾಷ್ಟ್ರೀಯ ಗುಂಪೊಂದು ಪ್ಯಾಂಕ್ರಿಯಾಸ್ ಫಿಸ್ಟುಲಾಗೆ (ಈ ಸೋರಿಕೆಗೆ ವೈದ್ಯರು ಕೊಟ್ಟ ಹೆಸರು) ಒಂದೇ ವ್ಯಾಖ್ಯಾನ ಕೊಟ್ಟಿತ್ತು: ಮೂರನೇ ದಿನ ಅಥವಾ ಆಮೇಲೆ ಡ್ರೈನ್ ನೀರಿನ ಅಮೈಲೇಸ್, ರಕ್ತದ ಸಾಮಾನ್ಯ ಮಿತಿಯ ಮೂರು ಪಟ್ಟಿಗಿಂತ ಹೆಚ್ಚು. 2016ರಲ್ಲಿ ಅದನ್ನೂ ತಿದ್ದಿದರು. ರೋಗಿಗೆ ಏನೂ ತೊಂದರೆ ಮಾಡದೆ ಬರೀ ಅಮೈಲೇಸ್ ಏರಿದ್ದರೆ ಅದನ್ನು ಫಿಸ್ಟುಲಾ ಅನ್ನಬೇಡಿ ಅಂದರು. ರೆಕಾರ್ಡ್ ದಾರಿ ಹಿಡಿಯುವವರು ಮೊದಲ ಕೇಸ್ ಬರೆಯುವ ಮುಂಚೆ ಇಂಥ ವ್ಯಾಖ್ಯಾನಗಳನ್ನು ಗೋಡೆಗೆ ಅಂಟಿಸಿಕೊಳ್ಳಿ.

ಈ ದಾರಿಯ ದೊಡ್ಡ ದೋಷ ಬೇರೆ. ರೋಗಿಯನ್ನು ಯಾವ ಗುಂಪಿಗೆ ಹಾಕಬೇಕು ಅಂತ ನಿರ್ಧರಿಸಿದ್ದು ಚೀಟಿ ಎತ್ತಿ ಅಲ್ಲ, ಸರ್ಜನ್ ಕಣ್ಣಿನಿಂದ. ತೆಳ್ಳಗಿನ, ಗಟ್ಟಿಮುಟ್ಟಾದ, ಗಡ್ಡೆ ಸಣ್ಣದಿರುವ ರೋಗಿಗೆ ಲ್ಯಾಪರೋಸ್ಕೋಪಿ (ಸಣ್ಣ ರಂಧ್ರಗಳಿಂದ, ಕ್ಯಾಮೆರಾದಲ್ಲಿ ನೋಡಿ ಮಾಡುವ ಆಪರೇಷನ್). ಕಷ್ಟದ ಕೇಸಿಗೆ ಓಪನ್, ಅಂದರೆ ಹೊಟ್ಟೆ ತೆರೆದು. ಆಮೇಲೆ ‘ಲ್ಯಾಪರೋಸ್ಕೋಪಿಯಲ್ಲಿ ತೊಡಕು ಕಡಿಮೆ’ ಅಂತ ಪೇಪರ್. ಯಾವ ಲೆಕ್ಕದ ಕಸರತ್ತಿನಿಂದಲೂ ಇದು ಪೂರ್ತಿ ಸರಿಹೋಗುವುದಿಲ್ಲ, ಯಾಕೆಂದರೆ ಆ ಕಣ್ಣು ಕಂಡದ್ದನ್ನು ಯಾರೂ ಕೇಸ್ ಶೀಟ್‌ನಲ್ಲಿ ಬರೆದಿರುವುದಿಲ್ಲ. ಎಷ್ಟು ಜನಕ್ಕೆ ಏನಾಯಿತು, ಯಾರಿಗೆ ಅಪಾಯ ಹೆಚ್ಚು ಅನ್ನುವ ಪ್ರಶ್ನೆಗಳಿಗೆ ರೆಕಾರ್ಡ್ ಒಳ್ಳೆಯ ಉತ್ತರ ಕೊಡುತ್ತದೆ. ಎರಡರಲ್ಲಿ ಯಾವುದು ಮೇಲು ಅನ್ನುವುದಕ್ಕೆ ಸಾಲದು.

ಟ್ರಯಲ್

ಮೇಲು ಯಾವುದು ಅಂತ ತಿಳಿಯಲೇಬೇಕು ಅಂದರೆ ಇದೇ ದಾರಿ. ಆದರೆ ಮೊದಲು ಒಂದು ಲೆಕ್ಕ ಮಾಡೋಣ.

ನಿಮ್ಮ ಲೀಕ್ ಪ್ರಮಾಣ ಶೇ. 10 ಅಂದುಕೊಳ್ಳಿ. ಹೊಸ ಹೊಲಿಗೆ ವಿಧಾನ ಅದನ್ನು ಶೇ. 5ಕ್ಕೆ ಇಳಿಸುತ್ತದೆ ಅಂತ ತೋರಿಸಬೇಕು. ಸಾಮಾನ್ಯವಾಗಿ ಬಳಸುವ ಲೆಕ್ಕದಲ್ಲಿ ಎರಡೂ ಗುಂಪು ಸೇರಿ ಸುಮಾರು 870 ರೋಗಿಗಳು ಬೇಕು. ನೀವು ವರ್ಷಕ್ಕೆ 60 ಕೇಸ್ ಮಾಡುತ್ತೀರಿ, ಬಂದವರೆಲ್ಲ ಒಪ್ಪುತ್ತಾರೆ ಅಂತಲೇ ಇಟ್ಟುಕೊಂಡರೂ 14 ವರ್ಷ ದಾಟುತ್ತದೆ. ಒಪ್ಪುವವರು ಅರ್ಧ ಜನ ಅಂದರೆ ನಿಮ್ಮ ವೃತ್ತಿಜೀವನವೇ ಮುಗಿಯುತ್ತದೆ. ಅದಕ್ಕೇ ಟ್ರಯಲ್ ಅಂದರೆ ಬೇರೆ ಆಸ್ಪತ್ರೆಗಳ ಜೊತೆ ಕೂಡುವುದು ಅಂತಲೇ ಅರ್ಥ. ಫೋನ್, ಮೀಟಿಂಗ್, ಮನವೊಲಿಕೆ, ಪ್ರತಿ ಆಸ್ಪತ್ರೆಯ ಎಥಿಕ್ಸ್ ಕಮಿಟಿ, ಮತ್ತೆ ಮನವೊಲಿಕೆ. ಜನರ ಜೊತೆ ಬೆರೆಯುವುದು ನಿಮಗೆ ಹಿಂಸೆ ಅನ್ನಿಸಿದರೆ ಇದನ್ನು ಆರಿಸಬೇಡಿ.

ಕಾಯುವಿಕೆಯೂ ಉದ್ದ. ಜಠರದ ಕ್ಯಾನ್ಸರ್‌ಗೆ ಸುತ್ತಲಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ಎಷ್ಟು ದೂರದವರೆಗೆ ತೆಗೆಯಬೇಕು ಅಂತ ಕೇಳಿದ ಡಚ್ ಟ್ರಯಲ್ 1989ರಲ್ಲಿ ರೋಗಿಗಳನ್ನು ಸೇರಿಸಿಕೊಳ್ಳಲು ಶುರುಮಾಡಿತು. ಗುಣಪಡಿಸುವ ಉದ್ದೇಶದಿಂದ ಆಪರೇಷನ್ ಆದವರು 711 ಜನ. 1999ರಲ್ಲಿ ಬಂದ ಫಲಿತಾಂಶ ನಿರಾಸೆಯದ್ದು: ಹೆಚ್ಚು ತೆಗೆದವರಲ್ಲಿ ಆಪರೇಷನ್ ನಂತರದ ಸಾವು ಶೇ. 10, ಕಡಿಮೆ ತೆಗೆದವರಲ್ಲಿ ಶೇ. 4, ಬದುಕುಳಿಯುವುದರಲ್ಲಿ ಲಾಭ ಕಾಣಲಿಲ್ಲ. ಆದರೂ ಅವರು ಆ ರೋಗಿಗಳನ್ನು ಬಿಡಲಿಲ್ಲ. 2010ರಲ್ಲಿ 15 ವರ್ಷದ ಫಲಿತಾಂಶ ಬಂದಾಗ ಚಿತ್ರ ಬದಲಾಗಿತ್ತು. ಜಠರದ ಕ್ಯಾನ್ಸರಿನಿಂದಲೇ ಸತ್ತವರು ಹೆಚ್ಚು ತೆಗೆದ ಗುಂಪಿನಲ್ಲಿ ಶೇ. 37, ಇನ್ನೊಂದರಲ್ಲಿ ಶೇ. 48. ಶುರುವಿನಿಂದ ಆ ಉತ್ತರದವರೆಗೆ 21 ವರ್ಷ. ಹತ್ತನೇ ವರ್ಷಕ್ಕೇ ನಿಲ್ಲಿಸಿದ್ದರೆ ನಾವು ಅರ್ಧ ಸತ್ಯವನ್ನೇ ಪಾಠ ಮಾಡುತ್ತಿದ್ದೆವು. ಇದನ್ನು ಓದಿದಾಗಲೆಲ್ಲ ಆ ತಂಡದ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಎಲ್ಲ ಟ್ರಯಲ್ ಇಷ್ಟು ದೊಡ್ಡದಿರಬೇಕು ಅಂತಿಲ್ಲ. ಸೋಂಕು ತಗುಲಿದ ಪ್ಯಾಂಕ್ರಿಯಾಸ್ ನೆಕ್ರೋಸಿಸ್‌ಗೆ (ಪ್ಯಾಂಕ್ರಿಯಾಸ್‌ನ ಭಾಗ ಸತ್ತುಹೋಗುವುದು) ನೇರ ಹೊಟ್ಟೆ ತೆರೆಯುವುದಾ, ಮೊದಲು ಡ್ರೈನ್ ಹಾಕಿ ಬೇಕಿದ್ದರೆ ಮಾತ್ರ ಮುಂದುವರಿಯುವುದಾ? 2010ರಲ್ಲಿ ಇನ್ನೊಂದು ಡಚ್ ಗುಂಪು ಪ್ರಕಟಿಸಿದ ಪ್ಯಾಂಟರ್ ಟ್ರಯಲ್‌ನಲ್ಲಿ ಇದ್ದದ್ದು 88 ರೋಗಿಗಳು. ದೊಡ್ಡ ತೊಡಕು ಅಥವಾ ಸಾವು ಶೇ. 69ರಿಂದ 40ಕ್ಕೆ ಇಳಿಯಿತು. ಹಂತ ಹಂತವಾಗಿ ಹೋದ ಗುಂಪಿನಲ್ಲಿ ಶೇ. 35 ಜನಕ್ಕೆ ಡ್ರೈನ್ ಒಂದೇ ಸಾಕಾಯಿತು. ವ್ಯತ್ಯಾಸ ದೊಡ್ಡದಿದ್ದರೆ ಕಡಿಮೆ ಜನ ಸಾಕು. ಆ ಡಚ್ ಗುಂಪಿನ ಟ್ರಯಲ್‌ಗಳನ್ನು ದಿನದಿನ ನಡೆಸಿದವರಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಕಿರಿಯ ವೈದ್ಯರಿದ್ದರು ಅನ್ನುವುದನ್ನು ಗಮನಿಸಿ. ಹಿರಿಯರಾಗುವವರೆಗೆ ಕಾಯಬೇಕಿಲ್ಲ.

ಇನ್ನು ಸೋಲಿನ ಮಾತು. ಅದೇ ಗುಂಪು 2008ರಲ್ಲಿ ತೀವ್ರ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್ ಉರಿಯೂತ) ರೋಗಿಗಳಿಗೆ ಪ್ರೊಬಯೋಟಿಕ್ (ಒಳ್ಳೆಯದು ಅನ್ನುವ ಬ್ಯಾಕ್ಟೀರಿಯಾ) ಕೊಟ್ಟ ಟ್ರಯಲ್ ಪ್ರಕಟಿಸಿತು. ಸೋಂಕು ಕಡಿಮೆಯಾಗುತ್ತದೆ ಅನ್ನುವುದು ಆಸೆ. ಆದದ್ದು ಬೇರೆ: ಪ್ರೊಬಯೋಟಿಕ್ ತೆಗೆದುಕೊಂಡವರಲ್ಲಿ ಸಾವು ಶೇ. 16, ಉಳಿದವರಲ್ಲಿ ಶೇ. 6. ಇಂಥ ಫಲಿತಾಂಶ ಬಂದ ದಿನ ತಂಡದವರ ಮನಸ್ಸಿನ ಮೇಲೆ ಎಷ್ಟು ಭಾರ ಬಿದ್ದಿರಬೇಕು ಊಹಿಸಿ. ಆದರೆ ಟ್ರಯಲ್ ಆಗದೆ ಇದ್ದಿದ್ದರೆ ಅದನ್ನು ನಿರಪಾಯ ಅಂದುಕೊಂಡು ಎಲ್ಲೆಡೆ ಕೊಡುತ್ತಲೇ ಇರುತ್ತಿದ್ದರಲ್ವಾ? ಸರಿಯಾಗಿ ನಡೆಸಿದ ಟ್ರಯಲ್ ಸೋತರೂ ಉತ್ತರ ಕೊಡುತ್ತದೆ. ಈ ಗುಣ ಬೇರೆ ಯಾವ ದಾರಿಗೂ ಇಷ್ಟು ಸ್ಪಷ್ಟವಾಗಿ ಇಲ್ಲ.

ದುಡ್ಡು ಬೇಕು. ಡೇಟಾ ನೋಡಿಕೊಳ್ಳುವವರ ಸಂಬಳ, ರೋಗಿಗಳ ಫಾಲೋಅಪ್, ವಿಮೆ. ಗ್ರಾಂಟ್ (ಸಂಶೋಧನಾ ಅನುದಾನ) ಸಿಗುವ ಮೊದಲು ಟ್ರಯಲ್ ಘೋಷಿಸಬೇಡಿ.

ಲ್ಯಾಬ್

ಸರ್ಜನ್‌ಗೆ ಲ್ಯಾಬ್ ಯಾಕೆ ಅನ್ನುವವರು ಅಮೆರಿಕದ ಸರ್ಜನ್ ಸ್ಟ್ಯಾನ್ಲಿ ಡಡ್ರಿಕ್ ಅವರ ಕಥೆ ಕೇಳಬೇಕು. ಆಪರೇಷನ್ ಚೆನ್ನಾಗಿಯೇ ಆಗಿದ್ದರೂ, ಕರುಳು ಕೆಲಸ ಮಾಡದೆ, ಊಟ ಸೇರದೆ ರೋಗಿಗಳು ಸೊರಗಿ ಸಾಯುವುದನ್ನು ಅವರು ರೆಸಿಡೆಂಟ್ ಆಗಿದ್ದಾಗ ಕಂಡಿದ್ದರು. ಫಿಲಡೆಲ್ಫಿಯಾದ ಲ್ಯಾಬಿನಲ್ಲಿ ಬೀಗಲ್ ನಾಯಿಮರಿಗಳಿಗೆ ದೊಡ್ಡ ರಕ್ತನಾಳದ ಮೂಲಕವೇ ಪೂರ್ತಿ ಆಹಾರ ಕೊಟ್ಟು, ಅವು ಉಳಿದ ಮರಿಗಳ ಹಾಗೆಯೇ ಬೆಳೆಯುತ್ತವೆ ಅಂತ ತೋರಿಸಿದರು. 1968ರ ಆ ಕೆಲಸದಿಂದ ಇಂದಿನ ಟಿಪಿಎನ್ (ರಕ್ತನಾಳದ ಮೂಲಕವೇ ಪೂರ್ತಿ ಪೋಷಣೆ) ಬಂತು. ಪ್ರಶ್ನೆ ವಾರ್ಡಿನಲ್ಲಿ ಹುಟ್ಟಿತು, ಉತ್ತರ ಲ್ಯಾಬಿನಲ್ಲಿ ಸಿಕ್ಕಿತು, ಮತ್ತೆ ವಾರ್ಡಿಗೆ ಮರಳಿತು. ಲ್ಯಾಬ್ ಸಂಶೋಧನೆ ಹೀಗಿದ್ದರೆ ಅದಕ್ಕಿಂತ ಚೆಂದ ಇಲ್ಲ.

ಆದರೆ ಇದು ಕೇಳುವ ಬೆಲೆ ಸಮಯ. ವಾರಕ್ಕೊಂದು ಮಧ್ಯಾಹ್ನದಲ್ಲಿ ಜೀವಕೋಶ ಬೆಳೆಸಲು ಆಗುವುದಿಲ್ಲ. ನೀವು ಓಟಿಯಲ್ಲಿದ್ದೀರಿ ಅಂತ ಅವು ಕಾಯುವುದಿಲ್ಲ. ಎರಡು ಮೂರು ವರ್ಷ ಪೂರ್ತಿ ಕೊಡಬೇಕು, ಆ ಹೊತ್ತಿನಲ್ಲಿ ಕೈ ಆಪರೇಷನ್‌ನಿಂದ ದೂರ ಉಳಿಯುತ್ತದೆ. ವಾಪಸ್ ಬಂದಾಗ ಮೊದಲ ಕೆಲವು ತಿಂಗಳು ಹೊಲಿಗೆ ನಿಧಾನವಾಗುವುದು ಸಹಜ. ಅದಕ್ಕೆ ಹೆದರಬೇಕಿಲ್ಲ, ಸಿದ್ಧರಾಗಿರಬೇಕು.

ಪೂರ್ತಿ ಲ್ಯಾಬಿಗೆ ಹೋಗಲಾಗದವರಿಗೆ ಒಂದು ನಡುದಾರಿ ಇದೆ: ಒಳ್ಳೆಯ ಲ್ಯಾಬ್ ವಿಜ್ಞಾನಿಯೊಬ್ಬರ ಜೊತೆ ಸೇರಿ ಮಾದರಿ ಸಂಗ್ರಹ ನೋಡಿಕೊಳ್ಳುವುದು. ಸುಮ್ನೆ ಗಡ್ಡೆಯ ತುಂಡು ಕೊಡುವುದು ಅಂತ ಹಗುರ ಮಾಡಬೇಡಿ. ರಕ್ತನಾಳ ಕಟ್ಟಿದ ಕ್ಷಣದಿಂದ ಆ ಅಂಗಾಂಶ ಬದಲಾಗುತ್ತಾ ಹೋಗುತ್ತದೆ. ಯಾವಾಗ ಕ್ಲಾಂಪ್ ಹಾಕಿದಿರಿ, ಯಾವಾಗ ಹೊರಗೆ ಬಂತು, ಎಷ್ಟು ನಿಮಿಷಕ್ಕೆ ಮೈನಸ್ 80 ಡಿಗ್ರಿ ಫ್ರೀಜರ್ ಸೇರಿತು ಅಂತ ಟ್ಯೂಬಿನ ಮೇಲೆ ಬರೆಯುವವರು ಇರಬೇಕು. ಟ್ರೇಯಲ್ಲಿ ಅರ್ಧ ಗಂಟೆ ಕೂತ ತುಂಡು ಮತ್ತು ಐದು ನಿಮಿಷದಲ್ಲಿ ಫ್ರೀಜರ್ ಸೇರಿದ ತುಂಡು ಒಂದೇ ಅಲ್ಲ. ಈ ಶಿಸ್ತನ್ನು ಓಟಿಗೆ ತರಬಲ್ಲವರು ಸರ್ಜನ್ ಮಾತ್ರ.

ಸೋತರೆ ಉಳಿಯುವುದು ಕಡಿಮೆ ಅನ್ನುವುದನ್ನೂ ಹೇಳಬೇಕು. ಕೆಲಸ ಮಾಡದ ಪ್ರಯೋಗಗಳು ಹೆಚ್ಚಾಗಿ ಡ್ರಾಯರ್‌ನಲ್ಲೇ ಉಳಿಯುತ್ತವೆ. ಇನ್ನೊಂದು ಅಪಾಯ, ನಿಮ್ಮ ಪ್ರಶ್ನೆಯೇ ಮಾಯವಾಗಬಹುದು. ಲೆಸ್ಟರ್ ಡ್ರ್ಯಾಗ್‌ಸ್ಟೆಡ್ ದೊಡ್ಡ ಸರ್ಜನ್, ದೊಡ್ಡ ಶರೀರಶಾಸ್ತ್ರಜ್ಞ. ಹೊಟ್ಟೆಯ ಆಮ್ಲದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ 1943ರಲ್ಲಿ ಅಲ್ಸರ್‌ಗೆ ವೇಗಸ್ ನರ (ಆಮ್ಲ ಸುರಿಸಲು ಹೊಟ್ಟೆಗೆ ಸೂಚನೆ ಕೊಡುವ ನರ) ಕತ್ತರಿಸುವ ಆಪರೇಷನ್ ಶುರುಮಾಡಿದರು. ಮುಂದೆ ಆಮ್ಲ ತಗ್ಗಿಸುವ ಮಾತ್ರೆಗಳು ಬಂದವು. ಆಮೇಲೆ ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಅಲ್ಸರ್ ಹಿಂದೆ ಬ್ಯಾಕ್ಟೀರಿಯಾ ಇದೆ ಅಂತ ತೋರಿಸಿ 2005ರಲ್ಲಿ ನೊಬೆಲ್ ಪಡೆದರು. ಇಂದಿನ ರೆಸಿಡೆಂಟ್ ಆ ಆಪರೇಷನ್ ನೋಡುವುದೇ ಅಪರೂಪ. ಡ್ರ್ಯಾಗ್‌ಸ್ಟೆಡ್ ಕಲಿಸಿದ ಶರೀರಶಾಸ್ತ್ರ ಮಾತ್ರ ಉಳಿದಿದೆ.

ಹೊಸ ಆಪರೇಷನ್, ಹೊಸ ಉಪಕರಣ

ಕೈ ಚುರುಕಾಗಿರುವವರಿಗೆ ಅತಿ ಹೆಚ್ಚು ಆಸೆ ಹುಟ್ಟಿಸುವ ದಾರಿ ಇದು. ಎರಿಕ್ ಮ್ಯೂಹೆ 1985ರಲ್ಲಿ ಜರ್ಮನಿಯಲ್ಲಿ ಲ್ಯಾಪರೋಸ್ಕೋಪಿಯಿಂದ ಪಿತ್ತಕೋಶ ತೆಗೆದಾಗ ಅವರದೇ ದೇಶದ ಸರ್ಜನ್‌ಗಳು ಒಪ್ಪಲಿಲ್ಲ. ಫ್ರಾನ್ಸಿನ ಫಿಲಿಪ್ ಮೂರೆ 1987ರಲ್ಲಿ ಮಾಡಿದ ಮೇಲೆ ಕೆಲವೇ ವರ್ಷಗಳಲ್ಲಿ ಜಗತ್ತೇ ಅತ್ತ ತಿರುಗಿತು.

ಈ ಕಥೆ ಕೇಳಿ ಎಲ್ಲ ಹೊಸದೂ ಹೀಗೇ ಗೆಲ್ಲುತ್ತದೆ ಅಂದುಕೊಳ್ಳಬಾರದು. ಪ್ಯಾಂಕ್ರಿಯಾಸ್‌ನ ತಲೆಭಾಗ ತೆಗೆಯುವ ಆಪರೇಷನ್ನನ್ನು ಲ್ಯಾಪರೋಸ್ಕೋಪಿಯಲ್ಲಿ ಮಾಡಿ ನೋಡಿದ ಲೆಪರ್ಡ್-2 ಟ್ರಯಲ್ ನಡುವೆಯೇ ನಿಂತಿತು. 2019ರಲ್ಲಿ ಪ್ರಕಟವಾದ ಲೆಕ್ಕ: ಲ್ಯಾಪರೋಸ್ಕೋಪಿಯ 50 ಜನರಲ್ಲಿ 5 ಸಾವು, ಓಪನ್‌ನ 49ರಲ್ಲಿ 1. ಮಾಡಿದವರು ತರಬೇತಿ ಪಡೆದ ಸರ್ಜನ್‌ಗಳೇ. ನಾರ್ವೆಯಲ್ಲಿ ಗುದದ್ವಾರದ ಕಡೆಯಿಂದ ಗುದನಾಳದ ಕ್ಯಾನ್ಸರ್ ತೆಗೆಯುವ ವಿಧಾನವನ್ನು, ಕ್ಯಾನ್ಸರ್ ಅನಿರೀಕ್ಷಿತ ರೀತಿಯಲ್ಲಿ ಮರಳಿದ್ದರಿಂದ ನಿಲ್ಲಿಸಬೇಕಾಯಿತು. ಕೈ ಪಳಗುವವರೆಗಿನ ಕಲಿಕೆಯ ಬೆಲೆಯನ್ನು ರೋಗಿ ತೆರುತ್ತಾರೆ. ಹಾಗಾಗಿ ಈ ದಾರಿ ಹಿಡಿಯುವವರು 2009ರಲ್ಲಿ ಬಂದ ಐಡಿಯಲ್ ಚೌಕಟ್ಟನ್ನು ಮೊದಲು ಓದಲಿ. ಮೊದಲ ರೋಗಿಯಿಂದ ಟ್ರಯಲ್‌ವರೆಗೆ, ಆಮೇಲೂ, ಯಾವ ಹಂತದಲ್ಲಿ ಏನನ್ನು ಬಿಚ್ಚಿಟ್ಟು ಬರೆಯಬೇಕು ಅಂತ ಅದು ಹೇಳುತ್ತದೆ. ಮೊದಲ ಕೇಸಿನಿಂದಲೇ ಎಲ್ಲ ಕೇಸನ್ನೂ ದಾಖಲಿಸಿ, ಕೆಟ್ಟದ್ದನ್ನು ಮೊದಲು.

ದುಡ್ಡು ಕಂಪನಿಗಳಿಂದ ಸುಲಭವಾಗಿ ಬರಬಹುದು. ಡೇಟಾ ಯಾರದ್ದು, ಫಲಿತಾಂಶ ಕೆಟ್ಟದಾದರೂ ಪ್ರಕಟಿಸುವ ಹಕ್ಕು ಯಾರದ್ದು ಅಂತ ಬರಹದಲ್ಲಿ ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ.

ಇನ್ನೆರಡು, ಬೇಗ

ಸುರಕ್ಷತೆ ಮತ್ತು ಕೌಶಲದ ಅಧ್ಯಯನ ಕಡಿಮೆ ಜನ ಆರಿಸುವ, ಒಳ್ಳೆಯ ದಾರಿ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಆಪರೇಷನ್ ಚೆಕ್‌ಲಿಸ್ಟ್ ತಂದಾಗ ಸಾವು ಶೇ. 1.5ರಿಂದ 0.8ಕ್ಕೆ ಇಳಿಯಿತು ಅಂತ 2009ರಲ್ಲಿ ವರದಿಯಾಯಿತು. 2013ರಲ್ಲಿ ಬರ್ಕ್‌ಮೇಯರ್ ತಂಡ 20 ಬೇರಿಯಾಟ್ರಿಕ್ (ಬೊಜ್ಜು ಕರಗಿಸುವ ಆಪರೇಷನ್ ಮಾಡುವ) ಸರ್ಜನ್‌ಗಳ ವಿಡಿಯೊವನ್ನು, ಯಾರದ್ದು ಅಂತ ತಿಳಿಸದೆ, ಬೇರೆ ಸರ್ಜನ್‌ಗಳಿಗೆ ತೋರಿಸಿ ಅಂಕ ಕೊಡಿಸಿತು. ಕೆಳಗಿನ ಕಾಲುಭಾಗದವರಲ್ಲಿ ತೊಡಕು ಶೇ. 14.5, ಮೇಲಿನವರಲ್ಲಿ ಶೇ. 5.2. ಇಲ್ಲಿ ದುಡ್ಡಿಗಿಂತ ಸಹೋದ್ಯೋಗಿಗಳ ನಂಬಿಕೆ ಹೆಚ್ಚು ಬೇಕು.

ಬೇರೆಯವರ ಅಧ್ಯಯನಗಳನ್ನು ಒಟ್ಟುಹಾಕುವ ವ್ಯವಸ್ಥಿತ ವಿಮರ್ಶೆಯನ್ನು ನಾನು ಇಡೀ ವೃತ್ತಿಗೆ ಸಾಕು ಅನ್ನುವುದಿಲ್ಲ. ಆದರೆ ಯಾವ ಪ್ರಶ್ನೆಗೆ ಇನ್ನೂ ಉತ್ತರ ಇಲ್ಲ ಅಂತ ತಿಳಿಯಲು ಒಂದಾದರೂ ಮಾಡಿ.

ಹಾಗಾದರೆ ನೀವು?

ಗ್ರಾಂಟ್ ಇಲ್ಲ, ಕಾಯ್ದಿಟ್ಟ ಸಮಯ ಇಲ್ಲ, ಕೇಸ್ ಮಾತ್ರ ಬೇಕಾದಷ್ಟಿದೆ ಅನ್ನುವವರು ರೆಕಾರ್ಡ್ ಹಿಡಿಯಿರಿ. ಹಳೆಯದನ್ನು ಅಗೆಯುವುದಕ್ಕಿಂತ ನಾಳೆಯಿಂದ ಬರುವ ಕೇಸ್‌ಗಳನ್ನು ಸರಿಯಾದ ವ್ಯಾಖ್ಯಾನದ ಜೊತೆ ಬರೆದಿಡಿ. ಎರಡು ವರ್ಷದಲ್ಲಿ ಅದು ಬೇರೆ ಯಾವುದೇ ಟ್ರಯಲ್‌ಗೆ ನಿಮ್ಮನ್ನು ಸೇರಿಸಿಕೊಳ್ಳಲು ಕಾರಣ ಆಗುತ್ತದೆ. ದುಡ್ಡಿಲ್ಲದೆಯೂ ಟ್ರಯಲ್ ಕಲಿಯುವ ದಾರಿ ಅದು: ಇನ್ನೊಬ್ಬರ ಟ್ರಯಲ್‌ಗೆ ರೋಗಿಗಳನ್ನು ಪ್ರಾಮಾಣಿಕವಾಗಿ ಸೇರಿಸುವುದು.

ಇನ್ನೂ ತರಬೇತಿಯಲ್ಲಿದ್ದೀರಿ, ಎರಡು ಮೂರು ವರ್ಷ ಸಂಬಳ ಕಡಿಮೆಯಾದರೂ ಮನೆಯಲ್ಲಿ ತಡೆದುಕೊಳ್ಳುತ್ತಾರೆ ಅನ್ನುವುದಾದರೆ ಲ್ಯಾಬಿಗೆ ಇದೇ ಸಮಯ. ಕೆಲಸಕ್ಕೆ ಸೇರಿ ಐದು ವರ್ಷವಾದ ಮೇಲೆ ಹೋದವರನ್ನು ನಾನು ಕಂಡದ್ದು ಕಡಿಮೆ. ಕೆಲಸ ಕಾಯಂ ಆಗಿದೆ, ನಿಮ್ಮ ಮಾತಿಗೆ ಬೇರೆ ಊರಿನ ಸರ್ಜನ್‌ಗಳು ಕಿವಿಗೊಡುತ್ತಾರೆ ಅನ್ನುವವರು ಟ್ರಯಲ್ ಮುನ್ನಡೆಸಬೇಕು. ನಿಮ್ಮನ್ನು ಬಿಟ್ಟರೆ ಅದನ್ನು ಮಾಡಲು ಯಾರಿಗೂ ಆಗುವುದಿಲ್ಲ. ಹೊಸ ಆಪರೇಷನ್‌ನ ದಾರಿಯನ್ನು, ಹಳೆಯ ಆಪರೇಷನ್‌ನಲ್ಲಿ ನಿಮ್ಮ ಫಲಿತಾಂಶ ಏನು ಅಂತ ಅಂಕಿ ಸಮೇತ ಹೇಳಬಲ್ಲವರು ಮಾತ್ರ ಹಿಡಿಯಲಿ.

ಗೈಡ್‌ಗೆ ಹೂಂ ಅನ್ನುವ ಮುಂಚೆ ಅವರ ಹತ್ತಿರ ಕೆಲಸ ಮಾಡಿ ಹೋದ ಇಬ್ಬರನ್ನು ಪ್ರತ್ಯೇಕವಾಗಿ ಮಾತಾಡಿಸಿ. ಪೇಪರಿನಲ್ಲಿ ಯಾರ ಹೆಸರು ಮೊದಲು ಬಂತು, ರಿಸರ್ಚ್ ದಿನ ಎಷ್ಟು ಸಲ ಓಟಿಗೆ ಕರೆದರು, ಬಿಟ್ಟ ಮೇಲೆ ಡೇಟಾ ಎಲ್ಲಿದೆ ಅಂತ ಕೇಳಿ. ಆಮೇಲೆ ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡು ಮೂರು ತಿಂಗಳು ರೌಂಡ್ಸ್ ಮಾಡಿ. ‘ಇದು ಯಾಕೆ ಹೀಗೆ’ ಅನ್ನಿಸಿದ್ದನ್ನೆಲ್ಲ ಬರೆಯಿರಿ. ಕೊನೆಗೆ ಎಣಿಸಿ ನೋಡಿ, ‘ಎಷ್ಟು ಜನಕ್ಕೆ’ ಅನ್ನುವ ಪ್ರಶ್ನೆ ಜಾಸ್ತಿಯಾ, ‘ಯಾವುದು ಮೇಲು’ ಅನ್ನುವುದಾ, ‘ಒಳಗೆ ಏನಾಗುತ್ತಿದೆ’ ಅನ್ನುವುದಾ, ‘ಇದನ್ನು ಬೇರೆ ಥರ ಮಾಡಬಹುದಲ್ಲಾ’ ಅನ್ನುವುದಾ. ನಿಮಗೆ ಹೊಂದುವ ದಾರಿಯ ಹೆಸರು ಆ ಪುಸ್ತಕದಲ್ಲೇ ಇರುತ್ತದೆ.